ಕೆರಾಡಿಯ ಸಿಳ್ಳೆಹಕ್ಕಿ ಮತ್ತು ಮೀನಿನ ದುಗ್ಗಪ್ಪ

1997ರ ಮೇ ತಿಂಗಳ ಕೊನೆಯಲ್ಲಿ, ಮದುವೆಯಾದ ಮೂರನೆಯ ದಿನ, ಕಡಲ ದಂಡೆಯ ಕೋಡಿ ಊರಿನ ದುಗ್ಗಪ್ಪ ಕೆರಾಡಿಯ ಮಾವನ ಮನೆಯ ಅಂಗಳದಲ್ಲಿ ನಿಂತು ಹೆಂಡತಿ ವನಜಳಿಗೆ ಒಂದು ಮಾತು ಕೊಟ್ಟ. ಮಾತು ಕೊಡುವಾಗ ಅವನ ಕೈಯಲ್ಲಿ ಒಂದು ದೊಣ್ಣೆ ಇತ್ತು.

ದೊಣ್ಣೆಯ ವಿಷಯ ಮೊದಲು ಹೇಳಿಬಿಡಬೇಕು. ಬೆಳಕು ಹರಿಯಲು ಇನ್ನೂ ಹೊತ್ತಿತ್ತು. ಹೊಸ ಅಳಿಯ ಸೆಕೆಗೆ ಚಾಪೆಯ ಮೇಲೆ ಹೊರಳಾಡುತ್ತಿದ್ದ. ಆಗ ಮನೆಯ ಹಿಂದೆ ಹರಿಯುವ ತೋಡಿನ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು. ಮಾಡಲು ಕೆಲಸವಿಲ್ಲದ ಪಡ್ಡೆಯೊಬ್ಬ ಪದ್ಯದ ಧಾಟಿ ಮರೆತು, ನೆನಪು ಮಾಡಿಕೊಂಡು, ಮತ್ತೆ ಮರೆತು ಹಾಕುವಂಥ ಸಿಳ್ಳೆ. ದುಗ್ಗಪ್ಪನಿಗೆ ಸಂಶಯವೇ ಉಳಿಯಲಿಲ್ಲ. ಊರಿನ ಯಾವನೋ ಪೋಕರಿ, ಮದುವೆಯಾಗಿ ಹೋಗುವ ಹುಡುಗಿಗೆ ಕೊನೆಯ ಸಿಳ್ಳೆ ಹಾಕುತ್ತಿದ್ದಾನೆ! ಮಾವನ ದೊಣ್ಣೆ ಎತ್ತಿಕೊಂಡು, ಲುಂಗಿ ಮೇಲಕ್ಕೆ ಕಟ್ಟಿ, ಹಿಂದಿನ ಅಂಗಳದಲ್ಲಿ ತೋಡಿನ ಕಡೆ ತಿರುಗಿ ನಿಂತು ಗುಡುಗಿದ.

"ಯಾರಾ ಅದ್? ಗಂಡ್ಸಾರೆ ಎದ್ರಿಗೆ ಬಾ!"

ಸಿಳ್ಳೆ ನಿಂತಿತು. ಹಿಂದಿನಿಂದ ನಗು ಕೇಳಿಸಿತು. ಮೂರು ದಿನದಿಂದ ತಲೆಯೆತ್ತದ ಮದುಮಗಳು ಕಂಬ ಹಿಡಿದುಕೊಂಡು ನಗುತ್ತಿದ್ದಳು.

"ಅದ್ ಹಕ್ಕಿ ಮರಾಯ್ರೆ! ಮಳಿ ಬಪ್ಪು ಹೊತ್ತಿಗೆ ಸುರು ಮಾಡ್ತ್, ದಿನಾ ಬೆಳಿಗ್ಗೆ ಹೀಂಗೇ ಸಿಳ್ಳಿ ಹಾಕ್ತ್."

ನಗುತ್ತಿದ್ದವಳು ಹಾಗೆಯೇ ಅಳತೊಡಗಿದಳು. "ಹುಟ್ಟಿದ್ ಲಾಗಾಯ್ತ್ ಇದ್ನ್ ಕೇಂಡೇ ನಾ ಎದ್ದದ್ದ್. ನಿಮ್ ಕೋಡಿಯಂಗೆ ಎಂತ ಕೇಂತ್?"

"ಕಡ್ಲ್ ಕೇಂತಲೆ."

"ಕಡ್ಲಿಗ್ ಧಾಟಿ ಇಲ್ಲೆ," ಎಂದು ಅವಳು ಇನ್ನೂ ಜೋರಾಗಿ ಅತ್ತಳು.

ಆಗ ದುಗ್ಗಪ್ಪ ಮಾತು ಕೊಟ್ಟ. "ಮರ್ಕ್ಬೇಡ ಹೆಣೆ. ಬಪ್ಪ ವರ್ಷ ಇದೇ ಹೊತ್ತಿಗೆ ನಿನ್ನ್ ಕರ್ಕಂಡ್ ಬತ್ತೆ. ಇಬ್ರೂ ಒಟ್ಟಿಗ್ ಕೂಕಂಡ್ ಕಡೇ ತಂಕ ಕೇಂಬ. ನಾ ಬಾಯೇ ಬಿಡ್ತಿಲ್ಲೆ."

"ಕಾಂಬ," ಎಂದಳು ವನಜ.

ಕೋಡಿಗೆ ಬಂದ ದುಗ್ಗಪ್ಪ ಒಂದು ಸೆಕೆಂಡ್‌ಹ್ಯಾಂಡ್ ಎಂ-80 ಮೊಪೆಡ್ ಕೊಂಡು, ಹಿಂದಿನ ಸೀಟಿನ ಜಾಗದಲ್ಲಿ ಮೀನಿನ ಕ್ರೇಟ್ ಬಿಗಿದು, ಬೇಕೆಂತಲೇ ಕೆರಾಡಿಯ ಲೈನು ಹಿಡಿದ. ಬೆಳಿಗ್ಗೆ ಬಂದರಿನಲ್ಲಿ ಮೀನು ಎತ್ತಿ, ಹೆಮ್ಮಾಡಿ, ವಂಡ್ಸೆ ದಾಟಿ, ಮನೆಮನೆಯ ಮುಂದೆ ಕೂಗಿ ಮಾರುತ್ತಾ ಕೆರಾಡಿ ಮುಟ್ಟುವಾಗ ಹತ್ತು ಗಂಟೆ. ಹಕ್ಕಿಯ ಆಫೀಸು ಐದಕ್ಕೆ ತೆರೆದು ಆರಕ್ಕೆ ಮುಚ್ಚುತ್ತಿತ್ತು. ವನಜ ಗೇರುಬೀಜದ ಫ್ಯಾಕ್ಟರಿಗೆ ಸೇರಿದಳು. ಅವಳಿಗೆ ರಜೆ ಇದ್ದದ್ದು ಆದಿತ್ಯವಾರ. ಆದಿತ್ಯವಾರ ಮೀನು ಮಾರದ ಮೀನಿನವನನ್ನು ಹೆಂಡತಿ ಕ್ಷಮಿಸಿದರೂ ಗಿರಾಕಿಗಳು ಕ್ಷಮಿಸುವುದಿಲ್ಲ.

ವನಜ ತೌರಿಗೆ ಹೋಗಲೇ ಇಲ್ಲವೆಂದಲ್ಲ. ದೀಪಾವಳಿಗೆ ಹೋದಳು, ಬಾಣಂತನಕ್ಕೆ ಹೋದಳು. ಆಗೆಲ್ಲ ಚಳಿಗಾಲ, ಹಕ್ಕಿಗೆ ರಜೆ. ಮಗಳು ಮೋಕ್ಷಿತಾಗೆ ಐದು ತುಂಬುವುದರೊಳಗೆ ವನಜಳ ಅಪ್ಪ ಹೋದರು, ಹಿಂದೆಯೇ ಅಮ್ಮನೂ ಹೋದಳು. ಅಣ್ಣ ಜಾಗ ಮಾರಿ ಮುಂಬಯಿಯ ಹೋಟೆಲಿಗೆ ಹೋದ. ಜಾಗ ಕೊಂಡವರು ಮನೆ ಕೆಡವಿದರು. ಉಳಿದದ್ದು ತೋಡಿನ ದಂಡೆಯಲ್ಲಿ ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು ಒಂದೇ.

ಒಮ್ಮೆ, ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ಬಂದ್ ಸಮಯದಲ್ಲಿ, ದುಗ್ಗಪ್ಪ ಸ್ಪ್ಯಾನರ್ ತಂದು ತುಕ್ಕು ಹಿಡಿದ ಬೋಲ್ಟುಗಳ ಜೊತೆ ಒಂದು ದಿನವಿಡೀ ಕಾದಾಡಿ ಕ್ರೇಟ್ ಬಿಚ್ಚಿದ. ಮೂರು ಗಂಟೆಗೆ ಎದ್ದು, ಪ್ಲಾಸ್ಟಿಕ್ ಹೊದ್ದು, ವನಜಳನ್ನು ಕೂರಿಸಿಕೊಂಡು ಹೊರಟ. ವಂಡ್ಸೆಯಲ್ಲಿ ಟಯರು ಪಂಚರ್. ಪಂಚರಿನವನು ಎದ್ದದ್ದು ಏಳಕ್ಕೆ. ಕೆರಾಡಿಗೆ ಹೋದಾಗ ಹಕ್ಕಿ ಬಾಗಿಲು ಹಾಕಿಯಾಗಿತ್ತು. ವನಜ ಆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದಳು. ಬೈದಿದ್ದರೆ ದುಗ್ಗಪ್ಪನಿಗೆ ಸುಲಭವಾಗುತ್ತಿತ್ತು.

ಒಟ್ಟಿನಲ್ಲಿ ಹದಿನಾರು ವರ್ಷ ಬಂಗುಡೆ, ಬೂತಾಯಿ, ಚಟ್ಲಿ ಮೀನುಗಳೆಲ್ಲ ದಿನಾ ವನಜಳ ತೌರಿಗೆ ಹೋದವು. ವನಜ ಗೇರುಬೀಜದ ಎಣ್ಣೆಗೆ ಕಪ್ಪಾದ ಬೆರಳುಗಳಿಂದ ಅವುಗಳ ಕ್ರೇಟಿಗೆ ಮಂಜುಗಡ್ಡೆ ತುಂಬಿ ಕಳಿಸಿದಳು.

2013ರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ದುಗ್ಗಪ್ಪ ಮಾರಾಟ ಮುಗಿಸಿ, ಎಂದಿನಂತೆ ಕೆರಾಡಿಯಲ್ಲಿ ರಸ್ತೆ ತೋಡು ದಾಟುವ ಮೋರಿಯ ಬಳಿ ಕ್ರೇಟ್ ತೊಳೆಯುತ್ತಿದ್ದ. ಒಬ್ಬರು ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು, ತಲೆಗೆ ಹಸಿರು ಟೊಪ್ಪಿ ಹಾಕಿಕೊಂಡು ಬಂದರು. ಬ್ರಹ್ಮಾವರದ ಕಡೆಯ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು, ಹೆಸರು ಶೈಲೇಶ್. ಪೇಟೆಯ ಜನರಿಗೆ ಹಕ್ಕಿ ಮತ್ತು ಚಿಟ್ಟೆ ತೋರಿಸುವ ಒಂದು ನಡಿಗೆ ಏರ್ಪಡಿಸಿದ್ದರು. ಜಾಗ ನೋಡಲು ಬಂದಿದ್ದರು.

"ಇಲ್ಲಿ ಯಾವ ಯಾವ ಹಕ್ಕಿ ಬರುತ್ತವೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ" ಎಂಬುದು ಬಹಳ ಒಳ್ಳೆಯ ಶಬ್ದ. ಅದನ್ನು ಆಡಿ ಕೆಟ್ಟವರಿಲ್ಲ. ಆದರೆ ಹದಿನಾರು ವರ್ಷದಿಂದ "ಮೀನು ತಾಜಾವಾ?" ಎಂಬ ಪ್ರಶ್ನೆಗೆ ಯೋಚಿಸದೆ "ಹೌದು" ಎನ್ನುತ್ತಾ ಬಂದವನ ಬಾಯಿಗೆ ಅದು ಸುಲಭವಾಗಿ ಬರುವುದಿಲ್ಲ.

"ಇಲ್ಲಿ ಬಾರದ್ ಹಕ್ಕಿ ಯಾವ್ದಿತ್ ಸರ್? ಎಲ್ಲ ನಮ್ದೇ ಗುರ್ತಿಂದ್."

"ಬೆಳಿಗ್ಗೆ ಮನುಷ್ಯರ ಹಾಗೆ ಸಿಳ್ಳೆ ಹಾಕುವ ಹಕ್ಕಿ ಒಂದು..."

"ಅದಾ?" ದುಗ್ಗಪ್ಪ ಕ್ರೇಟ್ ಕೆಳಗಿಟ್ಟ. "ಅದ್ ನನ್ ಹೆಂಡ್ತಿ ತೌರಿಂದ್ ಹಕ್ಕಿ."

ಶೈಲೇಶ್ ಸರ್ ರೋಮಾಂಚನಗೊಂಡರು. ಹಕ್ಕಿಯನ್ನು ನೆಂಟರಂತೆ ಕಾಣುವ ಜನ! ಅಲ್ಲೇ ಕೈ ಹಿಡಿದುಕೊಂಡು, ಮುಂದಿನ ಆದಿತ್ಯವಾರ ನೀವೇ ದಾರಿ ತೋರಿಸಬೇಕು, ನಾಲ್ಕಕ್ಕೆ ಕುಂದಾಪುರದಿಂದ ಟೆಂಪೋ ಹೊರಡುತ್ತದೆ, ಐದರೊಳಗೆ ಇಲ್ಲಿರುತ್ತೇವೆ ಎಂದರು.

ಐದರೊಳಗೆ! ಆದಿತ್ಯವಾರ! ದುಗ್ಗಪ್ಪನ ಎದೆ ಎಂ-80ಯಂತೆ ಬಡಿಯಿತು. ಒಂದು ದಿನದ ವ್ಯಾಪಾರ ಹೋದರೆ ಹೋಗಲಿ.

"ಬತ್ತೆ. ಆದ್ರೆ ನನ್ ಹೆಂಡ್ತಿಗ್ ಒಂದ್ ಸೀಟ್ ಬೇಕ್."

"ಅವರೂ ತಜ್ಞರಾ?"

"ಅವ್ಳ್ ನನ್ಕಿಂತ್ ಮೇಲೆ ಸರ್."

ಎರಡು ದಿನದಲ್ಲಿ ಕರಪತ್ರ ಬಂತು. ‘ಮಾರ್ಗದರ್ಶನ: ಶ್ರೀ ದುಗ್ಗಪ್ಪ, ಸ್ಥಳೀಯ ಪಕ್ಷಿತಜ್ಞರು, ಕೋಡಿ.’ ಇದನ್ನು ಅಂಗಡಿಯಲ್ಲಿ ಓದಿದ ನೆರೆಮನೆಯ ಪದ್ದು, ಊಟ ಬಿಟ್ಟ ತನ್ನ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು.

"ಹ್ವಾಯ್ ದುಗ್ಗಪ್ಪಣ್ಣ, ಹಕ್ಕಿ ಡಾಕ್ಟ್ರ್ ಆದ್ರಂಬ್ರಲೆ? ಇದ್ರ್ ನಾಡಿ ಒಂಚೂರ್ ಕಾಣಿ."

"ಪದ್ದು, ನಂಗ್ ಕೋಳಿ ಮದ್ದ್ ಗೊತ್ತಿಲ್ಲೆ."

"ಪೇಟಿಯವ್ರಿಗಾರೆ ಗೊತ್ತಿತ್ತ್, ನಮ್ಗಾರೆ ಇಲ್ಲೆ. ಅಲ್ದಾ?"

ದುಗ್ಗಪ್ಪ ಗಂಭೀರವಾಗಿ ಕೋಳಿಯ ರೆಕ್ಕೆ ಎತ್ತಿ, ಮೀನಿನ ಕಿವಿರು ನೋಡುವ ಅಭ್ಯಾಸದಿಂದ ಅದರ ಕತ್ತಿನ ಬದಿಯನ್ನು ಬಿಡಿಸಿ ನೋಡಿದ. ಕೋಳಿ ಸಿಟ್ಟಾಗಿ ಅವನ ಹೆಬ್ಬೆರಳು ಕುಕ್ಕಿ, ಮನೆಗೆ ಹೋದ ಮೇಲೆ ಒಂದು ಸೇರು ಅಕ್ಕಿ ತಿಂದಿತು. ಮರುದಿನ ಅಂಗಳದಲ್ಲಿ ಆರು ಕೋಳಿ, ಒಂದು ಬಾತು.

ಮೋಕ್ಷಿತಾ ಪೇಟೆಯ ಲೈಬ್ರರಿಯಿಂದ ಹಕ್ಕಿಗಳ ಪುಸ್ತಕ ತಂದು ಅಪ್ಪನಿಗೆ ಪಾಠಕ್ಕೆ ಕೂತಳು. ಮಿಂಚುಳ್ಳಿಯ ಚಿತ್ರ ಕಂಡೊಡನೆ ದುಗ್ಗಪ್ಪ, "ಇದ್ ನಮ್ ಲೈನಿಂದೇ," ಎಂದ. ಹದ್ದನ್ನು "ಕಳ್ಳ" ಎಂದ, ಬೆಳ್ಳಕ್ಕಿಯನ್ನು "ಚೌಕಾಸಿ ಮಾಡದ್ ಗಿರಾಕಿ" ಎಂದ. ಮೀನು ತಿನ್ನದ ಹಕ್ಕಿಗಳೆಲ್ಲ ಅವನಿಗೆ ಒಂದೇ ತರಹ ಕಂಡವು.

"ಅಪ್ಪಯ್ಯ, ಆಯ್ತಾರ ಬಾಯ್ ಮುಚ್ಕಂಡಿರ್. ಸಾಕ್," ಎಂದಳು ಮಗಳು. ಒಲೆಯ ಮುಂದಿದ್ದ ವನಜ ತಿರುಗಿ ನೋಡಿ ನಕ್ಕಳು. ಅವಳು ಮದುವೆಗೆ ಉಟ್ಟಿದ್ದ ಹಸಿರು ಸೀರೆಯನ್ನು ಆಗಲೇ ಮಡಿಚಿ ಇಟ್ಟಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಎಲ್ಲವೂ ಸರಿಯಾಗುತ್ತಿತ್ತು. ಆದರೆ ದುಗ್ಗಪ್ಪ ಮುನ್ನೆಚ್ಚರಿಕೆಯ ಮನುಷ್ಯ. ಶುಕ್ರವಾರ ಮೀನು ಮಾರಲು ಹೋದಾಗ, ಕೆರಾಡಿಯ ಹಳೆಯ ಗಿರಾಕಿ ಪ್ರಭಾವತಿಯಕ್ಕನಿಗೆ ಗುಟ್ಟಾಗಿ ಒಂದು ಮಾತು ಹೇಳಿದ.

"ಅಕ್ಕಾ, ಆಯ್ತಾರ ಬೆಳಿಗ್ಗೆ ಐದ್ ಗಂಟಿಗೆ ಟೆಂಪೋ ಮಾಡ್ಕಂಡ್ ಬತ್ತೆ. ತೋಡಿನ್ ಹತ್ರ. ಹದ್ನೆಂಟ್ ಜನ ಇದ್ರ್. ಒಂದ್ ಚೂರೂ ಗಲಾಟಿ ಆಪುಕಾಗ. ಯಾರಿಗೂ ಹೇಳ್ಬೇಡಿ ಕಾಣಿ."

"ಎಂತಕ್ಕಾ?" ಎಂದು ಅವರು ಕೇಳುವುದರೊಳಗೆ ಎಂ-80 ಶುರುವಾಗಿ, ದುಗ್ಗಪ್ಪ "ಆಯ್ತಾರ ಕಾಂತ್ರಲೆ!" ಎಂದು ಹೊರಟುಹೋದ.

ಪ್ರಭಾವತಿಯಕ್ಕ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದರು. ಇನ್ನು ಹದಿನೈದು ದಿನಕ್ಕೆ ಬೋಟು ಬಂದ್. ಮಳೆ ಹಿಡಿದರೆ ಎರಡು ತಿಂಗಳು ಹಸಿ ಮೀನಿನ ಮುಖ ಕಾಣುವಂತಿಲ್ಲ. ಪ್ರತಿ ಮನೆಯಲ್ಲೂ ಈಗಲೇ ಒಣಮೀನು ಕಟ್ಟಿಡಬೇಕು. ಇಂಥ ಹೊತ್ತಲ್ಲಿ ದುಗ್ಗಪ್ಪ, ಟೆಂಪೋ ಮಾಡಿಕೊಂಡು, ಕತ್ತಲಲ್ಲಿ, ಹದಿನೆಂಟು ಜನ ಹೊರುವವರನ್ನು ಕರೆದುಕೊಂಡು, ಗುಟ್ಟಾಗಿ ಬರುತ್ತಾನೆಂದರೆ ಏನು ಅರ್ಥ? ಹದಿನಾರು ವರ್ಷದಲ್ಲಿ ಮೀನಿಲ್ಲದ ದುಗ್ಗಪ್ಪನನ್ನು ಕೆರಾಡಿಯಲ್ಲಿ ಯಾರೂ ನೋಡಿರಲಿಲ್ಲ.

"ಮಳಿಗಾಲದ್ ಒಣ್ ಮೀನ್ ಲೋಡೇ ಬತ್ತಂಬ್ರ್. ಯಾರಿಗೂ ಹೇಳ್ಬೇಡ," ಎಂದು ಅವರು ಪಕ್ಕದ ಮನೆಗೆ ಮಾತ್ರ ಹೇಳಿದರು. ಪಕ್ಕದ ಮನೆಯವರು ಅದರ ಪಕ್ಕದವರಿಗೆ ಮಾತ್ರ ಹೇಳಿದರು. ಹೀಗೆ ಗುಟ್ಟು ಗುಟ್ಟಾಗಿಯೇ ಉಳಿದು ಇಡೀ ಊರಿಗೆ ಗೊತ್ತಾಯಿತು.

ಆದಿತ್ಯವಾರ ಟೆಂಪೋ ಹೊರಟಿತು. ದುಗ್ಗಪ್ಪ ಮೂರು ಸಲ ಸೋಪು, ಒಂದು ಸಲ ಹುಣಸೆಹುಳಿ ಹಚ್ಚಿ ಮಿಂದಿದ್ದ. ಆದರೂ ಹಿಂದಿನ ಸೀಟಿನವರು ಕಿಟಕಿ ತೆರೆದರು. ವನಜ ಕಿಟಕಿಯ ಪಕ್ಕ ಕೂತಿದ್ದಳು. ವಂಡ್ಸೆ ಬಂದಾಗ ದುಗ್ಗಪ್ಪ ಟಯರಿನ ಸದ್ದಿಗೆ ಕಿವಿಗೊಟ್ಟು ಉಸಿರು ಬಿಗಿಹಿಡಿದ. ವಂಡ್ಸೆ ದಾಟಿತು. ಅವನು ಹೆಂಡತಿಯ ಕಡೆ ನೋಡಿದ. ಅವಳೂ ಉಸಿರು ಬಿಡುತ್ತಿದ್ದಳು.

ಕೆರಾಡಿಯಲ್ಲಿ ಇಳಿದು ಎಲ್ಲರೂ ಸಾಲಾಗಿ ತೋಡಿನ ದಂಡೆಗೆ ನಡೆದರು. "ಟಾರ್ಚ್ ಆರಿಸಿ," ಎಂದು ಶೈಲೇಶ್ ಸರ್ ಪಿಸುಗುಟ್ಟಿದರು. "ಒಂದು ಶಬ್ದವೂ ಬೇಡ." ವನಜ ಕತ್ತಲಲ್ಲೇ, ಯಾರ ದಾರಿಯೂ ಬೇಡದೆ, ಆ ಬಟ್ಟೆ ಒಗೆಯುವ ಕಲ್ಲನ್ನು ಹುಡುಕಿ ಕೂತಳು. ದುಗ್ಗಪ್ಪ ಅವಳ ಪಕ್ಕ ಕೂತ. ನೀರು ಹರಿಯುತ್ತಿತ್ತು. ಎರಡು ದಿನದ ಹಿಂದೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇತ್ತು.

ಸಿಳ್ಳೆ ಕೇಳಿಸಿತು.

ಅದೇ ಸಿಳ್ಳೆ. ಒಂದು ಎಳೆ ಏರಿತು, ನಡುವೆ ಏನೋ ಮರೆತಂತೆ ನಿಂತಿತು, ಮತ್ತೆ ಶುರುವಾಯಿತು. ವನಜ ಕಣ್ಣು ಮುಚ್ಚಿದಳು. ಅವಳ ಕೈ ದುಗ್ಗಪ್ಪನ ಅಂಗಿಯ ತೋಳನ್ನು ಹಿಡಿಯಿತು. ಹದಿನೆಂಟು ಜನ ಉಸಿರಾಡಲಿಲ್ಲ. ದುಗ್ಗಪ್ಪ ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕೂತ.

ಅಷ್ಟರಲ್ಲಿ ಸ್ವಲ್ಪ ಬೆಳಕು ಹರಿಯಿತು. ತೋಡಿನ ಆಚೆ ದಂಡೆಯಲ್ಲಿ ಏನೋ ಆಕಾರಗಳು ಕಂಡವು. ಮೊದಲು ಪೊದೆಗಳೆಂದುಕೊಂಡ. ಪೊದೆಗಳಿಗೆ ತಲೆ ಇತ್ತು. ತಲೆಗಳ ಕೆಳಗೆ ಸೀರೆ ಇತ್ತು. ಮೂವತ್ತು, ಮೂವತ್ತೈದು ಹೆಂಗಸರು, ಹೇಳಿದ ಮಾತಿಗೆ ಸರಿಯಾಗಿ ಒಂದು ಚೂರೂ ಗಲಾಟೆ ಮಾಡದೆ, ಯಾವಾಗ ಬಂದು ಕೂತಿದ್ದರೋ ದೇವರೇ ಬಲ್ಲ. ಎಲ್ಲರ ಮಡಿಲಲ್ಲೂ ಬೋಗುಣಿ, ಬುಟ್ಟಿ, ಮಡಿಚಿದ ಗೋಣಿ. ದುಗ್ಗಪ್ಪನ ಮುಖ ಬೆಳಕಿಗೆ ಬಂದೊಡನೆ ಮುಂದಿನ ಸಾಲಿನವರು ಸದ್ದಿಲ್ಲದೆ ಬೋಗುಣಿ ಮುಂದೆ ಚಾಚಿದರು.

ಇಲ್ಲಿ ದುಗ್ಗಪ್ಪನ ಪರವಾಗಿ ಒಂದು ಮಾತು ಹೇಳಲೇಬೇಕು. ಮನುಷ್ಯನ ಕೈಕಾಲು ಅವನದು, ಮನಸ್ಸೂ ಒಂದು ಲೆಕ್ಕದಲ್ಲಿ ಅವನದೇ. ಬಾಯಿ ಮಾತ್ರ ಅವನ ಕಸುಬಿನದ್ದು. ಚಾಚಿದ ಬೋಗುಣಿ ಕಂಡರೆ ಹದಿನಾರು ವರ್ಷದಿಂದ ಆ ಬಾಯಿ ಮಾಡುತ್ತಾ ಬಂದದ್ದು ಒಂದೇ ಕೆಲಸ.

"ಮೀನೇ... ಬಂಗ್ಡಿ ಮೀನೇ... ತಾಜಾ ಬಂಗ್ಡಿಯೇ...!"

ಅವನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಸ್ವರ ತೋಡು ದಾಟಿ, ಗುಡ್ಡಕ್ಕೆ ಬಡಿದು, ವಾಪಸು ಬಂದಾಗಿತ್ತು. ಕಪ್ಪು ನೀಲಿಯ ಹಕ್ಕಿಯೊಂದು ನೀರಿನ ಮೇಲೆ ಸರ್ರನೆ ಹಾರಿ ಕಾಡು ಸೇರಿತು.

"ಬಂತ್! ಬಂತ್!" ಆಚೆ ದಂಡೆ ಎದ್ದು ನಿಂತಿತು. ಮೂವತ್ತೈದು ಜನ ಸೀರೆ ಎತ್ತಿಕೊಂಡು ತೋಡಿಗಿಳಿದರು. ಅವರ ಹಿಂದೆ ನಾಯಿಗಳು, ನಾಯಿಗಳ ಹಿಂದೆ ಬೆಕ್ಕುಗಳು.

"ಎಲ್ಲಿತ್ ಒಣ್ ಮೀನ್? ಟೆಂಪೋ ಎಲ್ಲಿತ್?" ಪ್ರಭಾವತಿಯಕ್ಕ ಮೊದಲು ದಡ ಹತ್ತಿದರು.

"ಅಕ್ಕಾ, ಮೀನ್ ಇಲ್ಲೆ. ನಾವ್ ಹಕ್ಕಿ ಕಾಂಬುಕೆ ಬಂದದ್ದ್."

"ಹಕ್ಕಿ ಕಾಂಬುಕೆ?" ಅವರು ಹದಿನೆಂಟು ಟೊಪ್ಪಿಗಳನ್ನೂ ಒಂದೊಂದಾಗಿ ನೋಡಿದರು. "ಹಕ್ಕಿ ಕಾಂಬುಕೆ ಯಾರಾರೂ ಟೆಂಪೋ ಮಾಡ್ಕಂಡ್ ಬತ್ರಾ? ನಮ್ಮನಿ ಮಾಡಿನ್ ಹಂಚಿನ್ ಮೇಲೆ ದಿನಾ ಹೇತ್ತ್ ಹಕ್ಕಿ! ಧರ್ಮಕ್ಕೇ ತೋರ್ಸ್ತಿದ್ದೆ!"

"ದಯವಿಟ್ಟು ಶಾಂತವಾಗಿರಿ," ಎಂದರು ಶೈಲೇಶ್ ಸರ್.

"ನಾಲ್ಕ್ ಗಂಟಿಯಿಂದ ಶಾಂತವಾಯೇ ಇದ್ದಿತ್ ನಾವ್! ಕೂಗಿದ್ದ್ ನಿಮ್ಮವ್ರೇ!"

ಇದು ಸತ್ಯವೇ ಆಗಿತ್ತು. ಗಲಾಟೆ ಕೇಳಿ ಫಾರೆಸ್ಟ್ ಗಾರ್ಡ್ ಸೋಮ ಓಡಿ ಬಂದ. ಕಾಡಿನಂಚಿನಲ್ಲಿ ಗುಂಪು ಸೇರಿ ಮೀನು ಮಾರುವುದು ಯಾವ ಕಾನೂನಿನಲ್ಲಿದೆ ಎಂದು ಗುಡುಗಿದ. ಗುಡುಗುವಾಗ ಕಂಕುಳಿನಿಂದ ಮಡಿಚಿದ ಗೋಣಿಚೀಲ ಜಾರಿ ಕೆಳಗೆ ಬಿತ್ತು. ಮೆಲ್ಲಗೆ ಎತ್ತಿಕೊಂಡು, "ಒಟ್ಟಾರೆ ಮೀನ್ ಇತ್ತಾ ಇಲ್ಯಾ?" ಎಂದು ದುಗ್ಗಪ್ಪನ ಕಿವಿಯಲ್ಲಿ ಕೇಳಿದ.

ಶೈಲೇಶ್ ಸರ್ ಟೆಂಪೋದ ಕಡೆ ನಡೆದರು. ನಡಿಗೆ ಮುಗಿದಂತೆಯೇ ಇತ್ತು. ಆದರೆ ಟೆಂಪೋ ನಿಂತಿದ್ದದ್ದು ಮೋರಿಯ ಹತ್ತಿರ. ಯಾವ ಹಕ್ಕಿಯೂ ಸಿಗದೆ, ತಂದ ಇಡ್ಲಿ ತಿಂದು ಮುಗಿಸಿ ಹೊರಡುವಷ್ಟರಲ್ಲಿ ಎಂಟೂವರೆ. ಗುಡ್ಡದ ಮೇಲಿನಿಂದ ಬಿಸಿಲು ಇಳಿದು ಮೋರಿಯ ಕೆಳಗಿನ ಒದ್ದೆ ಮರಳಿನ ಮೇಲೆ ಬಿತ್ತು. ಟೆಂಪೋದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಶೈಲೇಶ್ ಸರ್ ಹಾಗೆಯೇ ನಿಂತುಬಿಟ್ಟರು.

ಮರಳು ಕಾಣಿಸುತ್ತಿರಲಿಲ್ಲ. ನೀಲಿ ಪಟ್ಟೆಯ ಕಪ್ಪು ಚಿಟ್ಟೆ, ಹಳದಿ ಚಿಟ್ಟೆ, ಬಿಳಿ ಚಿಟ್ಟೆ, ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು ಸಂತೆ ಕೂತಂತೆ ಕೂತಿದ್ದವು. ನೂರಲ್ಲ, ಇನ್ನೂರಲ್ಲ.

"ಇದೇನು?" ಎಂದರು ಸರ್, ಮೊಣಕಾಲೂರಿ. "ಇಷ್ಟು ಚಿಟ್ಟೆ! ಇದನ್ನು ಹೇಗೆ ಮಾಡಿದಿರಿ?"

"ನಾ ಎಂತ ಮಾಡ್ಲಿಲ್ಲೆ ಸರ್. ದಿನಾ ಕ್ರೇಟ್ ತೊಳುದ್ ಇಲ್ಲೇ."

"ದಿನಾ? ಎಷ್ಟು ವರ್ಷದಿಂದ?"

"ಮದಿ ಆದಲ್ಲಿಂದ, ಹದ್ನಾರ್ ವರ್ಷ."

ಶೈಲೇಶ್ ಸರ್ ಎದ್ದು ನಿಂತು ಎಲ್ಲರಿಗೂ ವಿವರಿಸಿದರು. ಮೀನು ತೊಳೆದ ನೀರಿನ ಉಪ್ಪಿಗೆ ಚಿಟ್ಟೆಗಳು ಹೀಗೆ ಬಂದು ಕೂರುತ್ತವೆ, ಬರುವವು ಹೆಚ್ಚಾಗಿ ಗಂಡು ಚಿಟ್ಟೆಗಳು ಎಂದರು.

"ಎಲ್ಲ ಗಂಡಾ?" ಎಂದರು ಪ್ರಭಾವತಿಯಕ್ಕ. "ಹಾಂಗಾರೆ ಸಮಾ. ಮೀನ್ ವಾಸ್ನಿ ಬಂದ್ರೆ ಮನಿಗೆ ಬಪ್ಪು ಜಾತಿಯೇ ಅದ್."

ಫೋಟೋಗಳಾದವು. ಮೂರು ಸಲ ಸೋಪು ಹಾಕಿ ಮಿಂದ ದುಗ್ಗಪ್ಪನ ಹೆಗಲ ಮೇಲೆ ಐದು ಚಿಟ್ಟೆಗಳು ಬಂದು ಕೂತದ್ದು ಪತ್ರಿಕೆಯಲ್ಲೂ ಬಂತು. ಅವನನ್ನು ನಡುವೆ ನಿಲ್ಲಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಚಿಟ್ಟೆಗಳು ಕದಲಲಿಲ್ಲ. ದುಗ್ಗಪ್ಪ ಮಾತ್ರ ಜನರ ತಲೆಯ ಮೇಲಿನಿಂದ ಹೆಂಡತಿಯನ್ನು ಹುಡುಕಿದ.

ಅವಳು ಅದೇ ಕಲ್ಲಿನ ಮೇಲೆ ಕೂತಿದ್ದಳು. ಅವನು ಹೋಗಿ ಎದುರು ನಿಂತ.

"ಬೈ ನಂಗೆ," ಎಂದ.

ವನಜ ಬೈಯಲಿಲ್ಲ. ನೀರನ್ನೇ ನೋಡುತ್ತಿದ್ದಳು. "ಬಾಣಂತನದ್ ಹೊತ್ತಲ್ಲ್ ಒಳ್ಗೆ ಮನ್ಕಂಡಿಪ್ಪತಿಗೆ ನಿಮ್ ಈ ಮೀನಿನ್ ಕೂಗ್ ಕೇಂಡದ್ದ್. ಅದ್ರ್ ಮೇಲೆ ಇಲ್ಲಿ ಕೇಂಡದ್ದ್ ಇವತ್ತೇ. ನೀವ್ ಕೂಗಿದ್ ಕೂಡ್ಲೆ ಅಮ್ಮ ಇದೇ ಕಲ್ಲಿನ್ ಮೇಲೆ ಬಟ್ಟಿ ಬಿಟ್ಟ್ ಓಡ್ತಿದ್ಲ್."

"ಮೀನಿಗಲ್ಲ ಮರಾಯ್ತಿ," ಎಂದ ದುಗ್ಗಪ್ಪ. "ನೀ ಕೋಡಿಯಂಗಿಪ್ಪತಿಗೆ ಒಂದ್ ದಿನವೂ ಮೀನ್ ಮೊದ್ಲ್ ಕೇಣ್ಲಿಲ್ಲೆ ಅವ್ರ್. ‘ನನ್ ಮಗ್ಳ್ ಹ್ಯಾಂಗಿದ್ಲ್?’ ಅಂದೇ ಕೇಂತಿದ್ರ್."

"ನೀವೆಂತ ಹೇಳ್ತಿದ್ರಿ?"

"ಲಾಯ್ಕಿದ್ಲ್ ಅಂದೆ. ದಿನಾ."

ವನಜ ಎಣ್ಣೆಗೆ ಕಪ್ಪಾದ ಬೆರಳುಗಳಿಂದ ಕಲ್ಲನ್ನು ಒಮ್ಮೆ ಸವರಿದಳು. ಟೆಂಪೋದವನು ಹಾರ್ನ್ ಹೊಡೆದ. ಅವಳು ಎದ್ದಳು.

"ಬಪ್ಪ ವರ್ಷ..." ಎಂದು ದುಗ್ಗಪ್ಪ ಬಾಯಿ ತೆರೆದ.

"ಬೇಡ," ಎಂದಳು ವನಜ. "ಮಾತ್ ಕೊಡ್ಬೇಡಿ. ಹೋಪ."

ಆ ನಡಿಗೆ ಬಹಳ ಹೆಸರಾಯಿತು. ಶೈಲೇಶ್ ಸರ್ ಪ್ರತಿ ಮೇ ತಿಂಗಳಲ್ಲೂ ಒಂದು ಟೆಂಪೋ ತಂದರು, ಆಮೇಲೆ ಎರಡು ತಂದರು. ದುಗ್ಗಪ್ಪನಿಗೆ ಮುಂದಿನ ಸೀಟು, ವನಜಳಿಗೆ ಕಿಟಕಿಯ ಪಕ್ಕದ ಸೀಟು, ಎರಡೂ ಕಾಯಂ. ಹೆಂಗಸರ ಅನುಕೂಲಕ್ಕೆ ಟೆಂಪೋದ ಹಿಂದೆ ಒಂದು ಚೀಲ ಒಣಮೀನೂ ಹೋಗುತ್ತಿತ್ತು. ಆದರೆ ಹಕ್ಕಿ ಸಿಗುವ ಭರವಸೆ ಇಲ್ಲ, ಚಿಟ್ಟೆ ಗ್ಯಾರಂಟಿ ಎಂದು ಹೊರಡುವ ಹೊತ್ತನ್ನು ನಾಲ್ಕರಿಂದ ಏಳೂವರೆಗೆ ಬದಲಾಯಿಸಿದರು. ದುಗ್ಗಪ್ಪ ಎರಡು ಸಲ ಕೇಳಿ ನೋಡಿದ. ಅಷ್ಟು ಬೇಗ ಪೇಟೆಯ ಜನ ಏಳುವುದಿಲ್ಲ ಎಂದರು.

ಎಲ್ಲರೂ ಮೋರಿಯ ಹತ್ತಿರ ಚಿಟ್ಟೆ ನೋಡುವಾಗ ವನಜ ಕಲ್ಲಿನ ಮೇಲೆ ಕೂತಿರುತ್ತಾಳೆ. ಆಗ ಒಂಬತ್ತು ಗಂಟೆಯಾಗಿರುತ್ತದೆ.

ಆ ಹಕ್ಕಿಯ ಸಿಳ್ಳೆಯನ್ನು ಅವರಿಬ್ಬರೂ ಒಟ್ಟಿಗೆ ಕೂತು ಕಡೆಯ ತನಕ ಕೇಳಲಿಲ್ಲ. ದುಗ್ಗಪ್ಪ ಕೊಟ್ಟ ಮಾತಿಗೆ ತಪ್ಪಿದ.